ತೀರಿಹೋದ ನಾಯಕರಿಂದ ಪ್ರಚಾರ ಮಾಡಿಸುವುದು ಸರಿಯಾ?

ಪ್ರಶ್ನೆ: 2018ರಲ್ಲಿ ತೀರಿಕೊಂಡ ಕರುಣಾನಿಧಿ 2024ರಲ್ಲಿ ಎಐ ವಿಡಿಯೋದಲ್ಲಿ ಬಂದು ಮಗ ಸ್ಟಾಲಿನ್‌ರನ್ನು ಹೊಗಳಿದರು. ಅದೇ ಕಪ್ಪು ಕನ್ನಡಕ, ಹಳದಿ ಶಾಲು. ಇದು ಮೋಸ ಅಲ್ವಾ?

ಮಲೆನಾಡಿಗ: ಅವರು ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತು, ಹಾಗಾಗಿ ಮೋಸ ಕಮ್ಮಿ. ಬದುಕಿರುವವರ ನಕಲಿ ದನಿಯೇ ಜಾಸ್ತಿ ಅಪಾಯ. ಅದೇ ವರ್ಷ ಜನವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೈಡನ್ ದನಿಯಲ್ಲೇ ಮತದಾರರಿಗೆ ಫೋನ್ ಹೋಗಿತ್ತು, ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ವೋಟ್ ಹಾಕಬೇಡಿ, ನವೆಂಬರ್‌ನ ಅಧ್ಯಕ್ಷೀಯ ಚುನಾವಣೆಗೆ ಉಳಿಸಿಕೊಳ್ಳಿ ಅಂತ.

ಟೀಚರ್: ಒಪ್ಪಲ್ಲ. ಮನೆಯವರು ಹೂಂ ಅಂದರೂ ಅದು ತೀರಿಹೋದವರ ಮಾತಲ್ಲ.

ಓದುಗ: ನಕಲಿ ವಿಡಿಯೋ ಗಮನಕ್ಕೆ ಬಂದ 3 ಗಂಟೆಯೊಳಗೆ ತೆಗೆಯಬೇಕು ಅಂತ ಚುನಾವಣಾ ಆಯೋಗ ಪಕ್ಷಗಳಿಗೆ ಹೇಳಿದ್ದು 2024ರ ಮೇ 6ಕ್ಕೆ. ಉತ್ತರ ಕರ್ನಾಟಕದಲ್ಲಿ ಮರುದಿನವೇ ಮತದಾನ! ಪಕ್ಷ ತನ್ನ ಪೇಜಿನಿಂದ ಅಳಿಸಬಹುದು, ಅಷ್ಟರಲ್ಲಿ ಅದು ಊರಿನ ವಾಟ್ಸಾಪ್ ಗ್ರೂಪುಗಳಿಗೆಲ್ಲ ಹೋಗಿರುತ್ತದೆ.