ಕಚೇರಿ ವೈಟ್‌ಫೀಲ್ಡ್‌ನಲ್ಲಿ, ಮನೆ ವಿಜಯನಗರದಲ್ಲಿ: ಸಾಧ್ಯವೇ?

ಪ್ರಶ್ನೆ:
ಮುಂದಿನ ತಿಂಗಳು ಧಾರವಾಡದಿಂದ ಬೆಂಗಳೂರಿಗೆ ಬರುತ್ತಿದ್ದೇನೆ. ಕಚೇರಿ ವೈಟ್‌ಫೀಲ್ಡ್‌ನ ಐಟಿಪಿಎಲ್ ಟೆಕ್ ಪಾರ್ಕ್ ಸಮೀಪವಿದೆ. ಆದರೆ ಜೊತೆಗೆ ಬರುವ ತಾಯಿಯವರಿಗೆ ಕನ್ನಡ ಮಾತನಾಡುವ ನೆರೆಹೊರೆ, ನಡೆದು ಹೋಗುವಷ್ಟು ದೂರದಲ್ಲಿ ಸಂತೆ, ದೇವಸ್ಥಾನ ಬೇಕು. ವಿಜಯನಗರದಲ್ಲಿ ಮನೆ ಹಿಡಿದು ದಿನವೂ ಓಡಾಡಬಹುದೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1:
ಓಡಾಡಬಹುದು. 2023ರ ಅಕ್ಟೋಬರ್‌ನಿಂದ ಮೆಟ್ರೊದ ನೇರಳೆ ಮಾರ್ಗವು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಅಖಂಡವಾಗಿರುವುದರಿಂದ, ವಿಜಯನಗರದಲ್ಲಿ ಹತ್ತಿದವರು ಐಟಿಪಿಎಲ್ ಎದುರಿನ ಪಟ್ಟಂದೂರು ಅಗ್ರಹಾರ ನಿಲ್ದಾಣದಲ್ಲಿ ನೇರವಾಗಿ ಇಳಿಯುತ್ತಾರೆ. ಒಂದು ಗಂಟೆಗೂ ತುಸು ಹೆಚ್ಚು ಹಿಡಿಯುತ್ತದೆ. ಮೆಜೆಸ್ಟಿಕ್‌ನಲ್ಲಿ ನೂಕುನುಗ್ಗಲು ಸಾಕಷ್ಟಿರುತ್ತದೆ, ಆದರೆ ನಿಮಗೆ ಅಷ್ಟರೊಳಗೆ ಸೀಟು ಸಿಕ್ಕಿರುವ ಸಾಧ್ಯತೆಯುಂಟು.

ಉತ್ತರ 2:
ಮನೆ ನೋಡುವಾಗ ಮೊದಲು ನೀರನ್ನು ವಿಚಾರಿಸಿ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಕೊಳವೆಬಾವಿ ಬತ್ತಿದರೆ ಟ್ಯಾಂಕರ್ ಹಣ ಯಾರದು ಎಂಬುದನ್ನು ಮಾಲೀಕರಿಗಿಂತ ಪಕ್ಕದ ಮನೆಯ ಬಾಡಿಗೆದಾರರನ್ನು ಕೇಳುವುದು ಲೇಸು. 2024ರ ಬೇಸಿಗೆಯನ್ನು ಕಂಡವರಾರೂ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳರು.

ಉತ್ತರ 3:
ಹಿಂದೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿನ ವಾಡಿಕೆಯಾಗಿತ್ತು. ಈಗ ಚೌಕಾಸಿಗೆ ಅವಕಾಶವಿದೆ. ಮನೆ ಬಿಡುವಾಗ ಬಣ್ಣದ ಖರ್ಚೆಂದು ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು 11 ತಿಂಗಳ ಕರಾರುಪತ್ರದಲ್ಲಿಯೇ ಬರೆಸಿಕೊಳ್ಳಿ. ನನ್ನ ಹಳೆಯ ಮಾಲೀಕರು ಬಾಯಿಮಾತಿನಲ್ಲಿ ಒಂದು ತಿಂಗಳೆಂದು ಹೇಳಿ, ಕೊನೆಗೆ ಎರಡು ತಿಂಗಳ ಬಾಡಿಗೆಯನ್ನೇ ಹಿಡಿದುಕೊಂಡರು.