ಅಪ್‌ಡೇಟ್: ಅಮೆರಿಕದ ಕಮೊಡೋರ್ 64 ಹುಬ್ಬಳ್ಳಿಯಲ್ಲಿ ಚಾಲೂ ಆಯಿತು!

ಕಾಕಾ ಅಮೆರಿಕದಿಂದ ತಂದ ಕಮೊಡೋರ್ 64 (1980ರ ದಶಕದ ಮನೆ ಕಂಪ್ಯೂಟರ್) ನಮ್ಮ ಕರೆಂಟಿಗೆ, ನಮ್ಮ ಟಿವಿಗೆ ಹೊಂದುತ್ತಾ ಅಂತ ಹೋದ ತಿಂಗಳು ಕೇಳಿದ್ದೆ. ಹೊಂದಿತು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

120 ವೋಲ್ಟಿನ ಹಳೇ ಅಡಾಪ್ಟರ್ ಬಳಸಲೇ ಇಲ್ಲ. ಅದು ಕೆಟ್ಟರೆ 5 ವೋಲ್ಟ್ ಲೈನ್ ಏರಿ ರ‍್ಯಾಮ್ (ಮೆಮೊರಿ) ಚಿಪ್ ಸುಟ್ಟುಹೋಗುತ್ತೆ ಅಂದಿದ್ದಿರಿ, ಅದೇ ಭಯ. ದುರ್ಗದಬೈಲ್ ಹತ್ತಿರದ ರಿಪೇರಿಯವರು 230 ವೋಲ್ಟಿಗೇ ಹೊಸದು ಕಟ್ಟಿಕೊಟ್ಟರು: 5 ವೋಲ್ಟ್ ಡಿಸಿ, 9 ವೋಲ್ಟ್ ಎಸಿ. ಜೋಡಿಸುವ ಮೊದಲು ಮೀಟರ್ ಹಿಡಿದು ನೋಡಿದೆವು. 5 ವೋಲ್ಟ್ ಲೈನಿನಲ್ಲಿ 5.04. "ಈಗ ಹಾಕ್ರಿ ತಮ್ಮಾ" ಅಂದರು.

ಹಳೇ ಡಬ್ಬಾ ಟಿವಿಗೆ ಗೊತ್ತಿರುವುದು ಬರೀ ಪ್ಯಾಲ್, ಅಂದರೆ ನಮ್ಮ ಕಡೆಯ ಟಿವಿ ಸಿಗ್ನಲ್ ಪದ್ಧತಿ; ಈ ಕಂಪ್ಯೂಟರ್ ಕೊಡುವುದು ಅಮೆರಿಕದ ಎನ್‌ಟಿಎಸ್‌ಸಿ. ಚಿತ್ರ ಕಪ್ಪುಬಿಳುಪು, ಮೇಲಕ್ಕೆ ಉರುಳುತ್ತಲೇ ಇತ್ತು. ಎಲ್‌ಸಿಡಿ ಟಿವಿಯ ಎವಿ ಇನ್‌ಪುಟ್‌ಗೆ ಕೊಟ್ಟೆ. ಅದು ಎನ್‌ಟಿಎಸ್‌ಸಿಯನ್ನೂ ತಾನೇ ಗುರುತಿಸಿತು. ನೀಲಿ ಪರದೆ, 'ರೆಡಿ' ಅನ್ನುವ ಅಕ್ಷರ, ಕೆಳಗೆ ಮಿನುಗುವ ಪುಟ್ಟ ಚೌಕ. ಕಾಕಾ ಮಾತೇ ಆಡಲಿಲ್ಲ, ಕೀಬೋರ್ಡ್ ಮೇಲೆ ಕೈಯಿಟ್ಟು ಸುಮ್ನೆ ಕೂತುಬಿಟ್ಟರು.

ಒಂದು ವಿಷಯ ಮೊದಲು ಹೊಳೆದಿರಲಿಲ್ಲ. ಮೇನ್ಸ್ ಹರ್ಟ್ಸ್ (ಕರೆಂಟ್ ಸೆಕೆಂಡಿಗೆ ಎಷ್ಟು ಸುತ್ತು ಹೊಡೆಯುತ್ತೆ ಅನ್ನುವುದು) ಎಣಿಸಿ ನಡೆಯುವ ಒಳಗಿನ ಗಡಿಯಾರ ಇಲ್ಲಿ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತೆ. ನಮ್ಮದು 50, ಅದು ಕಾಯುವುದು 60, ಅಲ್ವಾ. ಮೆಮೊರಿ ವಿಳಾಸ 56334ರಲ್ಲಿ 128ರ ಬಿಟ್ (50 ಹರ್ಟ್ಸ್ ಅಂತ ಎಣಿಸು ಅನ್ನುವ ಸ್ವಿಚ್) ಆನ್ ಮಾಡಿದೆ, ಸರಿಹೋಯಿತು. ಯುರೋಪಿನ ಪ್ಯಾಲ್ ಆಟಗಳು ಕೆಲವು ಇನ್ನೂ ತಡವರಿಸುತ್ತವೆ. ಅವು ಒಂದು ಚಿತ್ರಕ್ಕೆ 312 ಗೆರೆ ಅಂತ ಬರೆದವು, ಇದರಲ್ಲಿರುವುದು 263.