ಓಟದ ದಿನವೇ ಡೇಟ್ ಬಂದರೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಮಗಳಿಗೆ 16 ವರ್ಷ, 100 ಮತ್ತು 200 ಮೀಟರ್ ಓಡುತ್ತಾಳೆ. ಮುಂದಿನ ತಿಂಗಳು ಜಿಲ್ಲಾ ಮಟ್ಟದ ಸ್ಪರ್ಧೆ. ಲೆಕ್ಕ ಹಾಕಿದರೆ ಅವಳ ಡೇಟ್ ಅದೇ ದಿನ ಬೀಳುತ್ತದೆ. ಟೈಮಿಂಗ್ ಕೆಡುತ್ತಾ? ಮುಂದಕ್ಕೆ ಹಾಕೋ ಮಾತ್ರೆ ಕೊಡಿಸು ಅಂತಾರೆ ನಮ್ಮಕ್ಕ.

ಉತ್ತರ (ಕ್ರೀಡಾ ವೈದ್ಯೆ): ಮಾತ್ರೆ ಸದ್ಯಕ್ಕೆ ಬೇಡಮ್ಮ. ಮುಟ್ಟಿಗೂ ಆಟದ ಸಾಮರ್ಥ್ಯಕ್ಕೂ ಏನು ಸಂಬಂಧ ಅಂತ 2020ರಲ್ಲಿ 78 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಮುಟ್ಟಿನ ಮೊದಲ ದಿನಗಳಲ್ಲಿ ಸಾಮರ್ಥ್ಯ ಕೂದಲೆಳೆಯಷ್ಟು ಕಡಿಮೆ ಇರಬಹುದು, ಅಷ್ಟೇ. ಅದರಲ್ಲಿ ಬಹಳಷ್ಟು ಅಧ್ಯಯನಗಳ ಗುಣಮಟ್ಟವೂ ಅಷ್ಟಕ್ಕಷ್ಟೇ.

ಹಾಗಂತ ಸುಮ್ನೆ ಭ್ರಮೆ ಅನ್ನಬೇಡಿ. 2022ರಲ್ಲಿ ಮ್ಯೂನಿಕ್‌ನ ಯುರೋಪಿಯನ್ ಕೂಟದಲ್ಲಿ ಬ್ರಿಟನ್ನಿನ ಓಟಗಾರ್ತಿ ಡೀನಾ ಆಶರ್-ಸ್ಮಿತ್ 100 ಮೀಟರ್ ಫೈನಲ್‌ನಲ್ಲಿ ಮೀನಖಂಡ ಹಿಡಿದುಕೊಂಡು ಕೊನೆಯವರಾದರು. ಪಿರಿಯಡ್ಸ್‌ನಿಂದ ಹೀಗಾಯ್ತು, ಇದರ ಬಗ್ಗೆ ಇನ್ನಷ್ಟು ಸಂಶೋಧನೆ ಆಗಬೇಕು ಅಂತ ಮುಚ್ಚುಮರೆಯಿಲ್ಲದೆ ಹೇಳಿದರು. ಅದೇ ಕೂಟದಲ್ಲಿ, ಅದೇ ವಾರ, 200 ಮೀಟರ್‌ನಲ್ಲಿ ಬೆಳ್ಳಿ ಗೆದ್ದರು!

ನಾನು ನೋಡಿದ ಹುಡುಗಿಯರಿಗೆ ಹಾರ್ಮೋನಿಗಿಂತ ಜಾಸ್ತಿ ಕಾಡುವುದು ಹೊಟ್ಟೆನೋವು, ನಿದ್ದೆಗೆಟ್ಟ ರಾತ್ರಿ, ಮತ್ತೆ ಓಟ ಶುರುವಾಗುವ ಮುಂಚೆ ಕಾಲೂರುವ ಬ್ಲಾಕ್‌ನಲ್ಲಿ ಬಗ್ಗಿ ಕೂತಾಗ ಕಲೆ ಕಾಣುತ್ತೇನೋ ಅನ್ನೋ ಭಯ. ಕಪ್ಪು ಶಾರ್ಟ್ಸ್ ಕೊಡಿಸಿ. ಅರ್ಧ ಭಯ ಅಲ್ಲೇ ಹೋಗುತ್ತದೆ. ಈ ತಿಂಗಳ ಡೇಟ್‌ನಲ್ಲೂ ಪ್ರಾಕ್ಟೀಸ್‌ಗೆ ಕಳಿಸಿ, ಟೈಮಿಂಗ್ ಬರೆದಿಡಲಿ. ನೋವಿನ ಮಾತ್ರೆ ಬೇಕಾದರೆ ನಿಮ್ಮ ಡಾಕ್ಟರನ್ನು ಕೇಳಿ ಈಗಲೇ ಒಮ್ಮೆ ಕೊಟ್ಟು ನೋಡಿ, ಊಟವಾದ ಮೇಲೆ. ಸ್ಪರ್ಧೆಯ ದಿನ ಹೊಸ ಪ್ರಯೋಗ ಬೇಡ.

ಮುಂದಕ್ಕೆ ಹಾಕೋ ಮಾತ್ರೆಯಿಂದ ಕೆಲವರಿಗೆ ಹೊಟ್ಟೆಯುಬ್ಬರ, ವಾಕರಿಕೆ, ತಲೆನೋವು ಬರುತ್ತವೆ. ತಪ್ಪಿಸಲು ಹೊರಟಿದ್ದು ಅದನ್ನೇ ಅಲ್ವಾ? ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರುವ ಮಾತ್ರೆ ಅದಲ್ಲ.

ಪ್ರಶ್ನೆ: ತುಂಬಾ ಹೋಗುತ್ತೆ ಮೇಡಂ, ಎರಡು ಗಂಟೆಗೊಂದು ಪ್ಯಾಡ್ ಬೇಕು. ಪ್ರಾಕ್ಟೀಸ್ ಜಾಸ್ತಿ ಆದರೆ ಮುಟ್ಟು ತಾನೇ ನಿಲ್ಲುತ್ತೆ, ಒಳ್ಳೇದೇ ಅಂತಾರೆ ಅವಳ ಕೋಚ್.

ಉತ್ತರ: ಇದನ್ನು ಮೊದಲೇ ಹೇಳಬೇಕಿತ್ತು ನೀವು! ಅಷ್ಟು ಹೋಗುತ್ತಿದ್ದರೆ ಹೆಂಗಸರ ಡಾಕ್ಟರಿಗೆ ತೋರಿಸಿ, ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆ) ಕೂಡ ಮಾಡಿಸಿ. ಹಿಮೋಗ್ಲೋಬಿನ್ ಸರಿ ಇದ್ದೂ ಒಳಗಿನ ಕಬ್ಬಿಣ ಖಾಲಿಯಾಗಿರಬಹುದು. ಟೈಮಿಂಗ್ ಕೆಟ್ಟರೆ ನನ್ನ ಅನುಮಾನ ಮೊದಲು ಅದರ ಮೇಲೆ.

ಕೋಚ್ ಮಾತು ಮಾತ್ರ ತಪ್ಪು. ಓಡುವಷ್ಟಕ್ಕೆ ಊಟ ಸಾಲದೇ ಇದ್ದಾಗ ಮುಟ್ಟು ನಿಲ್ಲುವುದುಂಟು. ಆಗ ಮೂಳೆ ಸವೆದು ಸಣ್ಣ ಬಿರುಕು ಬೀಳಬಹುದು. ಮೂರು ತಿಂಗಳು ಬರದಿದ್ದರೆ ಓಟ ಆಮೇಲೆ, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ.